ತಟ್ಟೆ ತುಂಬ ರೈಬೋಸೋಮು

ಅಯ್ಯೋ, ಆ ಚಕ್ಕುಲಿ ತಿನ್ನಬ್ಯಾಡ್ರಿ, ಅದು ಬೇಕು... ಇಲ್ಲ, ತಮಾಷೆ ಅಲ್ಲ, ನಿಜವಾಗ್ಲೂ ಬೇಕು. ವಾಪಸ್ ತಟ್ಟೆಗೆ ಇಡ್ರಿ. ಕಡಿದುಬಿಟ್ರಾ? ಪರ್ವಾಗಿಲ್ಲ, ಮುರುಕು ಚಕ್ಕುಲಿನೂ ನಡೀತೈತೆ, ಇನ್ನೂ ಎರಡು ಅವೆ. ನಮ್ಮನೆ ಚಕ್ಕುಲಿ ನಾನು ತಿನ್ನೋಕೆ ನಿನ್ನ ಅಪ್ಪಣೆ ಬೇಕೇನಯ್ಯಾ ಅಂತ ಕೇಳಬಹುದು ನೀವು. ಕೇಳ್ರಿ. ಏನಾದ್ರೂ ಒಂದು ಕೇಳ್ರಿ. ಮೇಲೆ ಬಂದು ಐದು ನಿಮಿಷ ಆತು, ನೀವು ಬಾಯಿ ಬಿಟ್ಟಿಲ್ಲ, ನಾನು ಬಾಯಿ ಮುಚ್ಚಿಲ್ಲ.

ಹೆದರಿಕೆನಾ ಅಂತ ಕಣ್ಣಲ್ಲೇ ಕೇಳ್ತಿದ್ದೀರಿ. ಹೂಂ, ಸ್ವಲ್ಪ ಐತೆ. ಸ್ವಲ್ಪ ಅಲ್ಲ, ಸಾಕಷ್ಟು ಐತೆ. ಇದಕ್ಕೆ ಮುಂಚೆ ಎರಡು ಕಡೆ ಹೆಣ್ಣು ನೋಡೋಕೆ ಹೋಗಿದ್ದೆ. ಎರಡೂ ಕಡೆ ಉಪ್ಪಿಟ್ಟು ತಿಂದೆ, ನೆಲ ನೋಡಿದೆ, ಎದ್ದು ಬಂದೆ. ಹುಡುಗ ಹುಡುಗಿ ಮಾಳಿಗೆ ಮೇಲೆ ಹೋಗಿ ಮಾತಾಡ್ಕೊಂಡು ಬರ್ಲಿ ಅಂತ ಯಾರೂ ಅಂದಿರಲಿಲ್ಲ. ನಿಮ್ಮಪ್ಪ ಓಂಕಾರಮೂರ್ತಿಗಳು ಮಾತ್ರ, "ಕಾಲು ಗಂಟೆ ಮಾತಾಡಿ ಬರ್ರಿ, ಆಮೇಲೆ ನಮ್ಮ ಐಶ್ವರ್ಯ ಏನಂತಾಳೋ ಅದೇ ಈ ಮನೆ ಮಾತು" ಅಂದುಬಿಟ್ರು. ಆಗ ನಮ್ಮವ್ವನ ಮುಖ ನೋಡಿದ್ರಾ? ಬಂದ ಗಳಿಗೇಲೇ ಹೂವು ಮುಡಿಸಿಬಿಡೋಣ ಅಂತ ಚಳ್ಳಕೆರೆಯಿಂದ ಬುಟ್ಟಿ ತುಂಬ ಮಲ್ಲಿಗೆ ಕಟ್ಟಿಸ್ಕೊಂಡು ಬಂದವಳೆ. ಈಗ ಆ ಬುಟ್ಟಿ ತೊಡೆ ಮೇಲೆ ಇಟ್ಕೊಂಡು ಕೆಳಗೆ ಕಾಯ್ತಾ ಕೂತವಳೆ. ನೀವು ಹೂಂ ಅಂದ್ರೆ ಮಲ್ಲಿಗೆ ನಿಮ್ಮ ತಲೆಗೆ. ಊಹೂಂ ಅಂದ್ರೆ ಅದು ವಾಪಸ್ ಕಾರಿಗೆ, ಚಳ್ಳಕೆರೆ ಮುಟ್ಟೋವರೆಗೂ ಅದರ ವಾಸನೆ ಕುಡೀತಾ ನಾನು ಕೂತಿರಬೇಕು.

ಯಾಕೆ ನಗ್ತೀರಿ? ಶರ್ಟಿಗೆ ಏನಾದ್ರೂ ಅಂಟೈತಾ? ಹಿಂದೆನಾ... ಎಲ್ಲಿ... ಓ, ಕಾಲರಿಗೆ ಅಂಗಡಿ ಚೀಟಿ. ಬೆಳಿಗ್ಗೆ ಹೊಸಾದು ಹಾಕ್ಕೊಂಡು ಹಂಗೇ ಬಂದುಬಿಟ್ಟೀನಿ. ಅಂದ್ರೆ ಕೆಳಗೆ ಎಲ್ಲಾರ ಮುಂದೆ ಈ ಚೀಟಿ ಜೋತಾಡಿಸ್ಕೊಂಡೇ ನಮಸ್ಕಾರ ಮಾಡಿದ್ನಾ? ಶಿವ ಶಿವಾ. ಆತು, ಕಿತ್ತು ಹಾಕಿದೆ. ನಗ್ರಿ, ನಗ್ರಿ. ನೀವು ನಕ್ಕರೆ ನಂಗೆ ಧೈರ್ಯ ಬರ್ತೈತೆ.

ಈಗ ಕೇಳ್ರಿ. ಟೈಮ್ ಕಮ್ಮಿ ಐತೆ. ನಿಮ್ಮ ಹವ್ಯಾಸ ಏನು, ನಿಮಗೆ ಯಾವ ಬಣ್ಣ ಇಷ್ಟ ಅಂತೆಲ್ಲ ಕೇಳಿ ಕಾಲು ಗಂಟೆ ಹಾಳು ಮಾಡೋ ಪೈಕಿ ಅಲ್ಲ ನಾನು. ನಿಮ್ಮ ಕೆಲಸದ ಬಗ್ಗೆನೇ ಮಾತಾಡೋಣ. ಕುದಾಪುರದ ವಿಜ್ಞಾನ ಸಂಸ್ಥೆ ಕ್ಯಾಂಪಸ್ಸಿಗೆ ದಿನಾ ಬೆಳಿಗ್ಗೆ ಹೋಗಿ ನೀವು ಮಾಡ್ತೀರಲ್ಲ ಸಂಶೋಧನೆ... ರೈಬೋಸೋಮು. ಹುಬ್ಬು ಯಾಕೆ ಮೇಲೋತು? ಎಣ್ಣೆ ಮಿಲ್ಲಿನೋನ ಬಾಯಲ್ಲಿ ರೈಬೋಸೋಮು ಬರಬಾರದಾ? ಬಯೋಡೇಟಾ ಓದಿಲ್ವಾ ನೀವು? ಮುರುಗೇಶ್, ವಯಸ್ಸು ಮೂವತ್ತೊಂದು, ಸ್ವಂತ ಎಣ್ಣೆ ಮಿಲ್, ಬಿ.ಎಸ್ಸಿ. ಹೌದ್ರಿ, ಬಿ.ಎಸ್ಸಿ. ಯಾವ... ಅದು ಬಿಡ್ರಿ, ಹಳೇ ಕಾಲೇಜಿನ ಕತೆ ಯಾರಿಗೆ ಬೇಕು.

ನಿಮ್ಮ ಬಗ್ಗೆ ನಂಗೆ ಅಷ್ಟೇ ಗೊತ್ತಿದ್ದಿದ್ದು, ಮೊಳಕಾಲ್ಮೂರು ಹುಡುಗಿ, ರೈಬೋಸೋಮ್ ಮೇಲೆ ಓದ್ತಾಳೆ ಅಂತ. ಇದು ಅವ್ವ ಹುಡುಕಿದ ಸಂಬಂಧ. ಫೋಟೋ ಸಹ ನೋಡಿರಲಿಲ್ಲ ನಾನು. ಇವತ್ತು ನೀವು ಕಾಫಿ ಲೋಟ ಹಿಡ್ಕೊಂಡು ಅಡುಗೆ ಮನೆಯಿಂದ ಬಂದ್ರಲ್ಲ, ಅದೇ ಮೊದಲು ನೋಡಿದ್ದು. ಅದೇ ಮೊದಲು... ಯಾಕೆ ಹಂಗೆ ದಿಟ್ಟಿಸ್ತೀರಿ? ಇನ್ನೂ ಚೀಟಿ ಉಳಿದೈತಾ?

ಸರಿ. ಈ ತಟ್ಟೆ ನೋಡ್ರಿ. ನಿಮ್ಮಮ್ಮ ಮೂರು ಥರ ಇಟ್ಟು ಕಳಿಸಿದ್ದಾರೆ, ದೇವರೇ ಕಳಿಸಿದಂಗೆ ಐತೆ. ಕೇಸರಿಬಾತು, ಚಕ್ಕುಲಿ, ಹುರಿದ ಶೇಂಗಾ. ಶೇಂಗಾ ನಮ್ಮ ಮಿಲ್ಲಿಂದೇ, ಅವ್ವ ಹುರಿದು ಡಬ್ಬಿಗೆ ಹಾಕ್ಕೊಂಡು ಬಂದಿದ್ಲು, ಅದೇ ಇದು. ಈಗ ಈ ಇಡೀ ತಟ್ಟೆ ಒಂದು ಜೀವಕೋಶ ಅಂತ ತಿಳ್ಕೊಳ್ರಿ. ಈ ಅಂಚು ಐತಲ್ಲ, ಇದು ಕೋಶದ ಕಾಂಪೌಂಡು. ನಡುವೆ ಈ ಕೇಸರಿಬಾತಿನ ಉಂಡೆ... ಸ್ವಲ್ಪ ಗುಂಡಗೆ ಮಾಡ್ತೀನಿ ತಡೀರಿ, ಕೈ ತೊಳ್ಕೊಂಡೀನಿ, ಅನುಮಾನ ಪಡಬ್ಯಾಡ್ರಿ... ಇದು ಕೋಶಕೇಂದ್ರ. ಯಜಮಾನರ ಕೋಣೆ. ಯಾವ ಮಾಲು ಮಾಡಬೇಕು ಅನ್ನೋ ಪಟ್ಟಿ ಇರೋದು ಇಲ್ಲಿ. ಪಟ್ಟಿ ಆಚೆ ಬರೋದಿಲ್ಲ, ಅದರ ನಕಲು ಬರ್ತೈತೆ. ಆ ನಕಲು ಓದಿ ಪ್ರೋಟೀನು ಮಾಡೋದು ಯಾರು? ರೈಬೋಸೋಮು. ಸರಿನಾ? ಸರಿ ಅಂತ ತಲೆ ಅಲ್ಲಾಡಿಸ್ರಿ. ಹಾಂ.

ರೈಬೋಸೋಮಿಗೆ ಶೇಂಗಾನೇ ಯಾಕೆ? ಅಕ್ಕಿ ಕಾಳು ಯಾಕಲ್ಲ, ಸಾಸಿವೆ ಯಾಕಲ್ಲ? ನೋಡ್ರಿ, ಹಿಂಗೆ ಬೆರಳಲ್ಲಿ ಒತ್ತಿದ್ರೆ... ಎರಡು ಬೇಳೆ ಆತು. ರೈಬೋಸೋಮೂ ಎರಡು ತುಂಡು. ಎರಡೂ ತಯಾರಾಗೋದು ಯಜಮಾನರ ಕೋಣೇಲಿ, ಈ ಕೇಸರಿಬಾತಿನ ಒಳಗೆ. ಆದ್ರೆ ಅಲ್ಲಿ ಕೆಲಸ ಮಾಡಲ್ಲ. ಬೇರೆ ಬೇರೆಯಾಗಿ ಹೊರಗೆ ಬರ್ತವೆ, ಬೇರೆ ಬೇರೆ ತಿರುಗಾಡ್ತವೆ. ಓದೋಕೆ ಒಂದು ನಕಲು ಸಿಗ್ತೈತಲ್ಲ, ಆಗ ಎರಡೂ ಬಂದು ಅದನ್ನ ನಡುವೆ ಇಟ್ಕೊಂಡು ಕೂಡ್ತವೆ. ಕೆಲಸ ಮುಗೀತಾ, ನೀ ಯಾರೋ ನಾ ಯಾರೋ. ಶೇಂಗಾದಲ್ಲಿ ಎರಡು ಬೇಳೆನೂ ಸಮ, ರೈಬೋಸೋಮಲ್ಲಿ ಒಂದು ದೊಡ್ಡದು ಒಂದು ಸಣ್ಣದು, ಅಷ್ಟೇ ವ್ಯತ್ಯಾಸ. ಯಾಕ್ರಿ? ನಗ್ತಾ ಇದ್ರಿ, ನಿಲ್ಲಿಸಿಬಿಟ್ರಲ್ಲ. ತಪ್ಪು ಹೇಳಿದ್ನಾ? ಇಲ್ಲ ತಾನೇ?

ಮುಂದಕ್ಕೆ ಹೋಗ್ತೀನಿ. ಈಗ ಚಕ್ಕುಲಿ. ಇದಕ್ಕೇ ನಿಮ್ಮ ಕೈ ಹಿಡಿಯೋಕೆ ಬಂದಿದ್ದು... ಅಂದ್ರೆ, ಕೈಯಲ್ಲಿದ್ದ ಚಕ್ಕುಲಿ ಹಿಡಿಯೋಕೆ. ಇದನ್ನ ಕೇಸರಿಬಾತಿನ ಸುತ್ತ, ಒತ್ತಾಗಿ, ಹಿಂಗೆ ಇಡಬೇಕು. ಮುರುಕು ಇಲ್ಲಿಗೆ. ಸುತ್ತು ಸುತ್ತು ಸುತ್ತು. ಇದರ ಹೆಸರು ಎಂಡೋ... ಪ್ಲಾಸ್ಮಿಕ್... ರೆಟಿ... ತಡೀರಿ, ಬರ್ತೈತೆ, ಕಾರಲ್ಲಿ ಬರೋವಾಗ ಮೂವತ್ತು ಸಲ ಹೇಳ್ಕೊಂಡೀನಿ... ರೆಟಿಕ್ಯುಲಮ್. ಬಂತು. ಇದನ್ನ ಗೋಡೆ ಅಂತ ತಿಳೀಬೇಡಿ ಮಕ್ಕಳೇ, ಇದು ಓಣಿ. ಒಳಗೆ ಟೊಳ್ಳು. ಈ ಓಣಿಯೊಳಗೆ ಬಿದ್ದ ಮಾಲು ಹಂಗೇ ಸಾಗಿ ಸಾಗಿ ಊರಾಚೆ...

ಮಕ್ಕಳೇ ಅಂದ್ನಾ? ಯಾರು, ನಾನಾ? ಬಾಯಿ ತಪ್ಪಿ ಬಂದಿರಬೇಕು. ನಮ್ಮಕ್ಕನ ಮಕ್ಕಳಿಗೆ ಪಾಠ ಹೇಳಿಕೊಟ್ಟು ಅಭ್ಯಾಸ ಆಗೈತೆ. ಹೌದು, ಅಕ್ಕನ ಮಕ್ಕಳಿಗೆ. ಇಬ್ಬರು... ಒಂದನೇ ಕ್ಲಾಸು, ಯುಕೆಜಿ. ಯಾಕೆ, ಯುಕೆಜಿಗೆ ಹೇಳಿಕೊಡಬಾರದಾ? ಬೆಳೆಯೋ ಪೈರು ಮೊಳಕೇಲಿ ನೋಡು ಅಂತಾರೆ.

ಮುಖ್ಯವಾದ ಜಾಗಕ್ಕೆ ಬಂದೆ ಈಗ. ರೈಬೋಸೋಮು ಎಲ್ಲೆಲ್ಲಿ ಇರ್ತವೆ? ಎರಡು ಕಡೆ. ಕೆಲವು ಈ ಚಕ್ಕುಲಿಗೆ ಅಂಟ್ಕೊಂಡು ಕೂತಿರ್ತವೆ. ಅದಕ್ಕೇ ಎಳ್ಳು ಹಚ್ಚಿದ ರೊಟ್ಟಿ ಥರ ತರಿ ತರಿ ಕಾಣ್ತೈತೆ ಅದು. ಇನ್ನು ಕೆಲವು ಯಾವುದಕ್ಕೂ ಅಂಟ್ಕೊಳ್ದೆ ತಟ್ಟೆ ತುಂಬ, ಬಿಡಿಬಿಡಿಯಾಗಿ, ತೇಲ್ತಾ ಇರ್ತವೆ. ಒಂದೆರಡಲ್ರಿ. ಒಂದು ಕೋಶಕ್ಕೆ ಲಕ್ಷ ಲಕ್ಷ. ನಮ್ಮ ಮಿಲ್ಲಿನ ಗೋಡೌನೆಲ್ಲ ಸುರಿದ್ರೂ ಒಂದು ಕೋಶಕ್ಕೆ ಸಾಕಾಗಲ್ವೇನೋ. ಯೋಚನೆ ಮಾಡಿದ್ರೆ ತಲೆ ಗಿರ್ ಅಂತೈತೆ... ಈಗ ನಿಮ್ಮ ಕೈ ಬೆರಳಲ್ಲಿ, ನನ್ನ ಮೂಗಲ್ಲಿ, ಕೆಳಗೆ ಮಲ್ಲಿಗೆ ಬುಟ್ಟೀಲಿ, ಪಕ್ಕದ ಮನೆ ಮಗ್ಗದ ಮುಂದೆ ಕೂತಿರೋನ ತೋಳಲ್ಲಿ, ಎಲ್ಲಾ ಕಡೆ ಗುಂಯ್ ಅಂತ ಕೆಲಸ ನಡೀತಾ ಐತೆ, ಒಬ್ಬರಿಗೂ ಸದ್ದು ಕೇಳಿಸಲ್ಲ.

ಅಂಟ್ಕೊಂಡಿರೋವು ಹೊರಗಿನ ಮಾಲು ಮಾಡ್ತವೆ. ಜೊಲ್ಲಿಂದು, ಹೊಟ್ಟೆ ರಸದ್ದು, ಇನ್ಸುಲಿನ್ನು. ಮಾಡ್ತಾ ಮಾಡ್ತಾನೇ ಓಣಿಯೊಳಗೆ ಇಳಿಸ್ತವೆ. ನಮ್ಮ ಸೋದರಮಾವ ಜಂಬುಲಿಂಗಪ್ಪ ಬಂದಿದ್ದಾರಲ್ಲ ಕೆಳಗೆ, ಪೇಟ ಸುತ್ತಿರೋರು, ಅವರಿಗೆ ಸಕ್ಕರೆ ಕಾಯಿಲೆ. ಮಾವ, ನಿಮ್ಮ ಚಕ್ಕುಲಿ ಓಣೀಲಿ ಮಾಲು ಸರಿಯಾಗಿ ಹೊರಡ್ತಿಲ್ಲ ಅಂದೆ. ಚಕ್ಕುಲಿ ತಿನ್ನೋದು ಬಿಟ್ಟು ಎಷ್ಟೋ ವರ್ಷ ಆತಲ್ಲೋ ಅಂದ್ರು. ಹ್ಞೂಂ... ಇನ್ನು ಬಿಡಿಯಾಗಿರೋವು ಮನೆ ಖರ್ಚಿನ ಮಾಲು ಮಾಡ್ತವೆ. ಕೋಶದ ಒಳಗೇ ಬಳಕೆ ಆಗೋದು. ಹೊರಗಿನೋರ ಕಣ್ಣಿಗೆ ಬೀಳಲ್ಲ, ಆದ್ರೆ ಅದಿಲ್ದೆ ಒಲೆ ಹತ್ತಲ್ಲ.

ಈಗ ನೋಡ್ರಿ ನನ್ನ ಕೈಚಳಕ. ಮಿಲ್ಲಲ್ಲಿ ಹನ್ನೆರಡು ವರ್ಷ ಬೀಜ ಆರಿಸೀನಿ, ಕಣ್ಣು ಮುಚ್ಚಿ ಹೇಳ್ತೀನಿ ಯಾವುದು ಯಾವ ನಂಬರ್ ಅಂತ. ನಮ್ಮಲ್ಲಿ ಜರಡಿ ಆಡಿಸಿದ ಮೇಲೆ ದಪ್ಪ ಬೀಜ ಮೂಟೆ ಕಟ್ಟಿ ಹೊರಗಿನ ಊರುಗಳಿಗೆ ಕಳಿಸ್ತೀವಿ. ಸಣ್ಣವು, ಮುರುಕಲು, ಸುಕ್ಕು ಹಿಡಿದಿದ್ದು, ಅವೆಲ್ಲ ಅಲ್ಲೇ ಗಾಣಕ್ಕೆ. ಅದಕ್ಕೇ ಇಲ್ಲೂ ಹಂಗೇ. ದಪ್ಪದ್ದು... ಇದು, ಇದು, ಆಹಾ ಇದು ನೋಡ್ರಿ ಎಂಥ ಬೀಜ... ಕೇಸರಿಬಾತಿನ ತುಪ್ಪ ಹಚ್ಚಿ ಚಕ್ಕುಲಿಗೆ ಅಂಟಿಸ್ತೀನಿ. ಒಂದನೇ ನಂಬರ್ ರೈಬೋಸೋಮು, ಹೊರಗಿನ ಮಾಲಿಗೆ. ಸಣ್ಣವನ್ನೆಲ್ಲ ಸುಮ್ಮನೆ ತಟ್ಟೆ ಮೇಲೆ ಚೆಲ್ತೀನಿ. ಎರಡನೇ ನಂಬರು, ಮನೆ ಖರ್ಚಿಗೆ. ಆತು. ಪೂರ್ತಿ ಆತು. ಹೆಂಗೈತೆ?

ಸರಿ ಐತಾ? ತಪ್ಪೈತಾ? ಹುಬ್ಬು ಗಂಟಿಕ್ಕಿದ್ರಿ... ಏನೋ ಹೇಳಬೇಕು ಅಂತ ಬಾಯಿ ತೆರೆದು ಮುಚ್ಚಿದ್ರಿ. ಇರ್ಲಿ ಇರ್ಲಿ, ಇನ್ನೊಂದು ಐತೆ. ಇದು ಪೂರ್ತಿ ನಂದೇ, ಯಾರೂ ಹೇಳಿಕೊಟ್ಟಿದ್ದಲ್ಲ. ಈ ದ್ರಾಕ್ಷಿ. ಕೇಸರಿಬಾತಿಂದ ಹೊರಗೆ ತೆಗೆದೆ. ಇದು ಮೈಟೊಕಾಂಡ್ರಿಯ. ಪುಸ್ತಕದಲ್ಲಿ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಇದು ಈ ಮನೇದೇ ಅಲ್ಲವಂತೆ, ಯಾವುದೋ ಕಾಲದಲ್ಲಿ ಹೊರಗಿಂದ ಬಂದು ಸೇರ್ಕೊಂಡಿದ್ದಂತೆ. ಬಂದಾಗ ತನ್ನ ಸ್ವಂತ ರೈಬೋಸೋಮು ಜೊತೆಗೇ ತಂತಂತೆ. ಇವತ್ತಿಗೂ ಬಿಟ್ಟಿಲ್ಲ! ಹೊಸ ಸೊಸೆ ತವರುಮನೆ ಒರಳು ಹೊತ್ಕೊಂಡು ಬಂದಂಗೆ. ಈ ಮನೇಲಿ ಅಷ್ಟು ದೊಡ್ಡ ಒರಳು ಇರೋವಾಗ ಅದ್ಯಾಕಮ್ಮ ಅಂತ ಯಾರೂ ಅನ್ನಲಿಲ್ಲ. ಅಂದಿದ್ರೆ ಮನೇಲಿ ದೀಪ ಉರೀತಿರಲಿಲ್ಲ, ಶಕ್ತಿ ಬರೋದೇ ಅಲ್ಲಿಂದ. ಅದಕ್ಕೇ ನಾನು ಹೇಳೋದು... ನೀವು ಹೂಂ ಅಂದ್ರೆ, ಅಂದ್ರೆ ಅಂತ ಇಟ್ಕೊಳ್ರಿ, ಚಳ್ಳಕೆರೆಯಿಂದ ಕುದಾಪುರ ದೂರ ಇಲ್ಲ. ಕೆಲಸ ಬಿಡು ಅಂತ ನಮ್ಮನೇಲಿ ಯಾರೂ ಅನ್ನಲ್ಲ. ಅವ್ವಂಗೆ ಹೇಳೀನಿ. ರಾತ್ರಿ ತಡ ಆದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ ಮೇಡಂ.

ಮೇಡಂ... ಅಂದೆ. ಹೂಂ, ಕೇಳಿಸ್ತು ನಂಗೂ.

ಓದಿದೋರಿಗೆ ಮೇಡಂ ಅನ್ನೋದು ರೂಢಿ ಅಲ್ವಾ. ಅಷ್ಟೇ. ಬೇರೇನಿಲ್ಲ... ಈ ಗಾಳಿಗೆ ಎಷ್ಟು ತಂಪಾಗೈತೆ ನೋಡ್ರಿ. ಬೆಟ್ಟದ ಬಂಡೆಯೆಲ್ಲ ಬೆಳಿಗ್ಗೆಯಿಂದ ಕಾದಿರ್ತಾವೆ, ಆದ್ರೂ ಸಂಜೆ ಹೊತ್ತಿಗೆ ಮೊಳಕಾಲ್ಮೂರಲ್ಲಿ ಹಿಂಗೆ... ಇಲ್ಲಾ? ಸರಿ.

ಎಲ್ಲಿ ಓದಿದ್ದು ಅಂತೀರಾ ಈ ಚಕ್ಕುಲಿ ಲೆಕ್ಕ? ಕೇಳಲಿಲ್ಲ ನೀವು. ಕೇಳದೇನೇ ಕೇಳಿದಂಗೈತೆ. ಪುಸ್ತಕದಲ್ಲಿ ಓದಿದ್ದು. ಒಂದು ಪುಸ್ತಕ ಐತೆ, ಹಸಿರು ರಟ್ಟಿಂದು. ಅದರಲ್ಲಿ ಹಿಂಗೇ, ಚಿತ್ರ ಸಮೇತ... ಚಕ್ಕುಲಿ ಚಿತ್ರನಾ? ಚಕ್ಕುಲಿ ಚಿತ್ರ ಬಿ.ಎಸ್ಸಿ ಪುಸ್ತಕದಲ್ಲಿ... ಇರಲ್ಲ. ಇರಲ್ಲ ಅಂತ ನಿಮಗೆ ಗೊತ್ತು. ನಂಗಿಂತ ಚೆನ್ನಾಗಿ ಗೊತ್ತು.

ಏನಾದ್ರೂ ಅನ್ರಿ. ಬೈಯ್ರಿ. ನಿಮಗೆ ನೆನಪಾಗೈತೆ. ಯಾವಾಗ ನೆನಪಾತು? ಶೇಂಗಾ ಒಡೆದಾಗಲಾ? ಅಲ್ಲೇ ನಗು ನಿಂತಿದ್ದು. ಮಕ್ಕಳೇ ಅಂದಾಗ ಗಟ್ಟಿ ಆತು. ಹೌದಾ?

ಹೌದು. ಅದು ನಿಮ್ಮ ಪಾಠ. ಒಂದೊಂದು ಮಾತೂ ನಿಮ್ಮದೇ.

ಎರಡು ವರ್ಷದ ಕೆಳಗೆ, ಫೆಬ್ರವರೀಲಿ. ಶಾಲೆ ಮಕ್ಕಳನ್ನ ನಿಮ್ಮ ಕ್ಯಾಂಪಸ್ ಒಳಗೆ ಬಿಟ್ಟಿದ್ರಲ್ಲ ವಿಜ್ಞಾನ ದಿನಕ್ಕೆ, ಅವತ್ತು. ಕರೆಂಟು ಹೋತು, ಪರದೆ ಮೇಲೆ ಚಿತ್ರ ಬರಲಿಲ್ಲ. ತಳಕು ಊರಿನ ಕಡೆಯಿಂದ ಬಂದ ನಲವತ್ತು ಮಕ್ಕಳು ಗಲಾಟೆ. ನೀವು ಅವರನ್ನೆಲ್ಲ ಕ್ಯಾಂಟೀನಿಗೇ ಕರ್ಕೊಂಡು ಬಂದು ಅಡುಗೆ ಜುಂಜಣ್ಣನ ಹತ್ತಿರ ಒಂದು ದೊಡ್ಡ ತಟ್ಟೆ ಇಸ್ಕೊಂಡ್ರಿ. ಕೇಸರಿಬಾತು, ಚಕ್ಕುಲಿ, ಶೇಂಗಾ. ಬಾಗಿಲಲ್ಲಿ ಒಬ್ಬ ನಿಂತಿದ್ದ, ಹೆಗಲ ಮೇಲೆ ಹದಿನೈದು ಕೆಜಿ ಎಣ್ಣೆ ಟಿನ್ನು ಹೊತ್ಕೊಂಡು. ಇಳಿಸೋದು ಮರೆತು ನಿಂತಿದ್ದ. ಆ ಚಕ್ಕುಲಿ ಕರಿದಿದ್ದು ಅವನ ಎಣ್ಣೇಲೇ. ಅದು ನಾನೇ ಮೇಡಂ. ನಮ್ಮ ಡ್ರೈವರ್ ಬರದ ದಿನ ನಾನೇ ಗಾಡಿ ತಗೊಂಡು ಬರ್ತಿದ್ದೆ. ಆಮೇಲೆ ಡ್ರೈವರ್ ಬಂದ ದಿನಾನೂ ನಾನೇ ಬರ್ತಿದ್ದೆ.

ಪಾಠ ಮುಗಿದ ಮೇಲೆ ಮಕ್ಕಳಿಗೆಲ್ಲ ಶೇಂಗಾ ಹಂಚಿದ್ರಿ. ನನ್ನ ಕೈಗೂ ಹಾಕಿದ್ರಿ, ತಗೊಳ್ಳಿ ನೀವೂ ಅಂತ. ಅದನ್ನ ತಿನ್ನದೆ ಹಂಗೇ ಇಟ್ಕೊಂಡೀನಿ ಅಂತ ಹೇಳಿದ್ರೆ ಚೆನ್ನಾಗಿರ್ತೈತೆ. ಗೇಟ್ ದಾಟೋದ್ರೊಳಗೆ ತಿಂದು ಮುಗಿಸಿದ್ದೆ. ಆದ್ರೆ ಮನೆಗೆ ಹೋಗಿ ಮಧ್ಯಾಹ್ನ ಗಾಣ ನಿಂತ ಹೊತ್ತಲ್ಲಿ ಅಕ್ಕನ ಹಳೇ ಪುಸ್ತಕ ಹುಡುಕಿ ತೆಗೆದೆ. ಮೊದಲ ಪುಟದಿಂದ. ಓದಿದ್ರೆ ಅರ್ಥ ಆಗ್ತಿತ್ತು! ನಂಗೆ ಅರ್ಥ ಆಗ್ತಿತ್ತು. ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ ನಂಗೆ. ಮೊಳಕಾಲ್ಮೂರಿನ ಓಂಕಾರಮೂರ್ತಿಗಳ ಮಗಳಂತೆ, ವಿಚಾರಿಸಿ ನೋಡವ್ವ ಅಂತ ಅವ್ವನ ಕಿವಿಗೆ ಹಾಕಿದ್ದೂ ನಾನೇ. ಫೋಟೋ ನೋಡಿಲ್ಲ ಅಂದಿದ್ದು ನಿಜ. ಫೋಟೋ ಬೇಕಾಗಿರಲಿಲ್ಲ.

ಇಷ್ಟು ಹೇಳಿದೆ. ಸಾಕಲ್ವಾ?

ಹೂಂ. ಇನ್ನೊಂದು ಉಳಿದೈತೆ. ಅದಕ್ಕೇ ಕಾಯ್ತಿದ್ದೀರಿ. ಪಾಠ ಒಂದೇ ದಿನದ್ದು, ಅದೂ ಟಿನ್ ಹೊತ್ತು ನಿಂತು ಕೇಳಿದ್ದು. ಹಂಗಾದ್ರೆ ಬಿ.ಎಸ್ಸಿ ಎಲ್ಲಿಂದ ಬಂತು ಅಂತ.

ಬಿ.ಎಸ್ಸಿ ಇಲ್ಲ. ಸೆಕೆಂಡ್ ಪಿಯುಸಿ ಬಯಾಲಜೀಲಿ ಫೇಲು. ಎರಡು ಸಲ. ಮೂರನೇ ಸಲ ಹಾಲ್ ಟಿಕೆಟ್ ಜೇಬಲ್ಲಿ ಇಟ್ಕೊಂಡು ಪರೀಕ್ಷೆಗೆ ಅಂತ ಹೊರಟೋನು ಮಿಲ್ಲಿಗೆ ಹೋಗಿ ಜರಡಿ ಹಿಡಿದೆ, ಹಂಗೇ ಉಳ್ಕೊಂಡೆ. ಬಯೋಡೇಟಾ ಬರೆಸಿದ್ದು ಜಂಬುಲಿಂಗಪ್ಪ ಮಾವ. ಹುಡುಗಿ ಅಷ್ಟು ಓದವಳೆ, ಇವನ ಹೆಸರ ಮುಂದೆ ಏನೂ ಇಲ್ದಿದ್ರೆ ಕಾಗದ ಬಿಚ್ಚೋ ಮುಂಚೆನೇ ಮಡಚಿಡ್ತಾರೆ ಅಂತ ಒಂದು ಡಿಗ್ರಿ ಸೇರಿಸಿಬಿಟ್ರು. ಸುಳ್ಳು ಬರೆಸಿದ್ದು ಮಾವ, ಓದಿ ನೋಡಿ ಸುಮ್ಮನಿದ್ದೋನು ನಾನು. ಎರಡನೇ ನಂಬರ್ ಮೂಟೆಗೆ ಒಂದನೇ ನಂಬರ್ ಚೀಟಿ ಹೊಲಿದು ಕಳಿಸಿದ್ರೆ ಏನಾಗ್ತೈತೆ ಅಂತ ನಂಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ವಾಪಸ್ ಬರ್ತೈತೆ. ಹೆಸರೂ ಹಾಳು. ನಾಚಿಕೆ ಆಗ್ತೈತೆ ಮೇಡಂ. ನಿಮ್ಮ ಪಾಠನೇ ಕದ್ದು ನಿಮಗೇ ಒಪ್ಪಿಸಿ, ಅದರ ಮೇಲೆ ಬಿ.ಎಸ್ಸಿ ಅಂತ ಜಂಭ ಬೇರೆ.

ಇಲ್ಲ, ನೀವು ಏಳಬ್ಯಾಡ್ರಿ. ಊಹೂಂ ಅನ್ನೋ ಕಷ್ಟ ನಿಮಗೆ ಯಾಕೆ? ನಾನು ಹಾಕಿದ ಗಂಟು, ನಾನೇ ಬಿಚ್ತೀನಿ. ಇಲ್ಲಿಂದಲೇ, ಮೆಟ್ಲ ಹತ್ತಿರ ನಿಂತು.

ಮಾವಾ! ಜಂಬುಲಿಂಗಪ್ಪ ಮಾವಾ! ಕೇಳಿಸ್ತೈತಾ? ಬಯೋಡೇಟಾದಲ್ಲಿ ಬಿ.ಎಸ್ಸಿ ಅಂತ ಬರೆಸಿದ್ರಲ್ಲ, ಅದು ಸುಳ್ಳು ಅಂತ ಓಂಕಾರಮೂರ್ತಿಗಳಿಗೆ ಹೇಳ್ರಿ. ನಾನು ಪಿಯುಸಿ ಫೇಲು! ಅವ್ವಾ, ನೀನು ಬೈಬ್ಯಾಡ, ಮನೆಗೆ ಹೋದ ಮೇಲೆ ಬೈಯ್ಯಿ!

ಕೆಳಗೆ ಲೋಟದ ಸದ್ದೂ ಇಲ್ಲ. ಪಕ್ಕದ ಮನೆ ಮಗ್ಗನೂ ನಿಂತೋತು ನೋಡ್ರಿ, ಅವನಿಗೂ ಕೇಳಿಸಿರಬೇಕು. ಬೆಳಗಾಗೋದ್ರೊಳಗೆ ಮೊಳಕಾಲ್ಮೂರಿಗೆಲ್ಲ ಗೊತ್ತಾಗ್ತೈತೆ, ಪಿಯುಸಿ ಫೇಲ್ ಗಂಡು ಬಂದಿತ್ತು ಅಂತ. ಹಗುರ ಆತು ಮೇಡಂ. ಟಿನ್ ಇಳಿಸಿದಂಗೆ ಹಗುರ ಆತು. ಹೊರಗಿನ ಮೆಟ್ಲು ಹತ್ತೋವಾಗ ಹಾಕ್ಕೊಂಡು ಬಂದ ಚಪ್ಪಲಿ ಎಲ್ಲಿ ಬಿಟ್ಟೆ... ಇಲ್ಲಿದಾವೆ. ಬರ್ತೀನಿ. ಪಾಠ ಚೆನ್ನಾಗಿತ್ತು. ಅವತ್ತು ಹೇಳೋಕೆ ಆಗಿರಲಿಲ್ಲ, ಇವತ್ತು ಹೇಳ್ದೆ.

ಏನ್ ಮಾಡ್ತಿದ್ದೀರಿ?

ಅಲ್ಲ... ಅದ್ಯಾಕೆ ತೆಗೀತೀರಿ? ಅದು ದಪ್ಪ ಬೀಜ, ಚಕ್ಕುಲಿಗೆ ಅಂಟಿಸಿದ್ದೀನಿ, ಒಂದನೇ ನಂಬರು. ಅದನ್ನ ತಂದು ಬಿಡಿ ಬೀಜದ ಜೊತೆ ಹಾಕಿದ್ರಲ್ಲ. ಇನ್ನೊಂದನ್ನೂ ತೆಗೆದ್ರಾ... ಈಗ ಆ ಮುರುಕಲು ಯಾಕೆ ಕೈಗೆ ತಗೊಂಡ್ರಿ? ಅದು ಸುಕ್ಕು ಹಿಡಿದಿದ್ದು ಮೇಡಂ, ಗಾಣದ ಮಾಲು. ತುಪ್ಪ ಹಚ್ಚಿ... ಚಕ್ಕುಲಿಗೇ ಅಂಟಿಸಿದ್ರಿ. ಇನ್ನೊಂದು ಸಣ್ಣದು. ಅದನ್ನೂ. ಎಲ್ಲಾ ಕಲಸಿಬಿಟ್ರಲ್ಲ, ಯಾವುದು ಯಾವುದೋ ಗೊತ್ತೇ ಆಗದಂಗೆ...

ಓ.

ನಂಬರ್ ಇಲ್ವಾ ಅವಕ್ಕೆ?

ಎಲ್ಲಾ ಒಂದೇನಾ? ಹಂಗಾದ್ರೆ ಯಾವುದು ಅಂಟ್ಕೋಬೇಕು, ಯಾವುದು ಬಿಡಿಯಾಗಿರಬೇಕು ಅಂತ ಯಾರು... ಕೈಗೆ ಬಂದ ಕೆಲಸನಾ? ಹೊರಗಿನ ಕೆಲಸ ಸಿಕ್ಕರೆ ಅಲ್ಲಿ ಹೋಗಿ ಅಂಟ್ಕೊಳ್ತೈತೆ, ಒಳಗಿನ ಕೆಲಸ ಸಿಕ್ಕರೆ ಇಲ್ಲಿ... ಇವತ್ತು ಅಲ್ಲಿದ್ದಿದ್ದೇ ನಾಳೆ ಇಲ್ಲಿ? ಹೌದಾ? ತಲೆ ಅಲ್ಲಾಡಿಸಿದ್ರಿ. ಹೌದು ಅಂದ್ರಿ.

ಇದನ್ನೂ ಅವತ್ತು ಹೇಳಿದ್ರಾ ಮಕ್ಕಳಿಗೆ? ಹೇಳಿರಬೇಕು. ನಾನು ಕೇಳಿಸ್ಕೊಳ್ಳಲಿಲ್ಲ. ಯಾಕೆ ಗೊತ್ತಾ... ಸರಿಯಾಗಿ ಅದೇ ಹೊತ್ತಲ್ಲಿ ಜುಂಜಣ್ಣ, ಲೇ ಮುರುಗೇಶ, ಗಾಡೀಲಿ ಇನ್ನೂ ಹತ್ತೊಂಬತ್ತು ಟಿನ್ ಅವೆ, ಬಂದು ಇಳಿಸೋ ಅಂತ ಕೂಗಿದ. ಹೊರಗೆ ಹೋದೆ. ವಾಪಸ್ ಬರೋವಾಗ ನೀವು ಶೇಂಗಾ ಹಂಚ್ತಿದ್ರಿ. ನಡುವೆ ತಪ್ಪಿಹೋಗಿದ್ದು ಇದೊಂದೇ ಮಾತು. ಅಲ್ಲಿ ನಾನು ನಮ್ಮ ಜರಡಿ ತಂದು ಇಟ್ಟುಬಿಟ್ಟೆ. ಎರಡು ವರ್ಷದಿಂದ ತಪ್ಪೇ ಓದ್ಕೊಂಡೀನಿ...

ಮೆಟ್ಲ ಮೇಲೆ ಯಾರೋ ಬರ್ತಿದ್ದಾರೆ. ಕೆಮ್ಮು ನಿಮ್ಮಪ್ಪಂದೇ. ಏಳಲ್ವಾ ನೀವು? ನಾನು ನಿಂತೇ ಇರ್ತೀನಿ, ಅವರು ಏನಂತಾರೋ ಅನ್ನಿಸ್ಕೊಂಡು ಹೋಗ್ತೀನಿ... ಏನು? ತಟ್ಟೆ ಯಾಕೆ ನನ್ನ ಕಡೆ ತಳ್ತೀರಿ? ಉಳಿದಿದ್ದು ನಾನು ಜೋಡಿಸ್ಬೇಕಾ?

ಚಪ್ಪಲಿ ಬಿಡಬೇಕಾ? ಬಿಟ್ಟೆ.

ಕೂತ್ಕೊಳ್ಳಾ?

ಕೂತೆ. ಮೊದಲಿಂದ ಹೇಳ್ರಿ ಮೇಡಂ. ಇವತ್ತು ಇಳಿಸೋಕೆ ಯಾವ ಟಿನ್ನೂ ಇಲ್ಲ.